ಮೀನುಗಾರಿಕಾ ದೋಣಿಗೆ ಜೋಡಿ ಬ್ಯಾಟರಿ: ಎಂಜಿನ್‌ಗೊಂದು, ದೀಪಕ್ಕೊಂದು

ಕರಾವಳಿಯ ಸಣ್ಣ ಗಿಲ್‌ನೆಟ್ ದೋಣಿಗಳ ದುಡಿಮೆ ಬಹುಮಟ್ಟಿಗೆ ರಾತ್ರಿಯದು. ಸಂಜೆ ಬಂದರು ಬಿಟ್ಟು, ಕತ್ತಲಾಗುವಷ್ಟರಲ್ಲಿ ಬಲೆ ಬಿಟ್ಟು, ಎಂಜಿನ್ ನಿಲ್ಲಿಸಿ, ನೀರಿನ ಸೆಳೆತಕ್ಕೆ ದೋಣಿಯನ್ನೂ ಬಲೆಯನ್ನೂ ಒಪ್ಪಿಸಿ ಗಂಟೆಗಟ್ಟಲೆ ಕಾಯುವುದು ಈ ಮೀನುಗಾರಿಕೆಯ ಕ್ರಮ. ಎಂಜಿನ್ ನಿಂತಿತೆಂದು ದೀಪ ಆರಿಸುವಂತಿಲ್ಲ. ಸರಕು ಹಡಗುಗಳೂ ದೊಡ್ಡ ಟ್ರಾಲ್ ಬೋಟುಗಳೂ ಓಡಾಡುವ ನೀರಿನಲ್ಲಿ ಬೆಳಕಿಲ್ಲದ ದೋಣಿ ಯಾರ ಕಣ್ಣಿಗೂ ಬೀಳದು. ವೈರ್‌ಲೆಸ್ ಸಹ ಚಾಲನೆಯಲ್ಲಿರಬೇಕು. ಜಿಪಿಎಸ್, ಫಿಶ್ ಫೈಂಡರ್‌ಗಳೂ ಆಗಾಗ ಬೇಕು. ಇಷ್ಟಕ್ಕೂ ವಿದ್ಯುತ್ ಒದಗಿಸುವುದು ಎಂಜಿನ್ ಪಕ್ಕದಲ್ಲಿರುವ ಒಂದೇ ಒಂದು ಬ್ಯಾಟರಿಯಾಗಿದ್ದರೆ, ನಸುಕಿನಲ್ಲಿ ಬಲೆ ಎಳೆದು ದಡದತ್ತ ಹೊರಡುವ ಹೊತ್ತಿಗೆ ಸೆಲ್ಫ್ ಸ್ಟಾರ್ಟರ್ ಒಮ್ಮೆ ‘ಟಕ್’ ಎಂದು ಸುಮ್ಮನಾಗುವ ಸಂಭವ ಸದಾ ಇದ್ದೇ ಇರುತ್ತದೆ.

ರಸ್ತೆಯಲ್ಲಿ ಕಾರು ಹೀಗೆ ನಿಂತರೆ ನಾಲ್ಕು ಮಂದಿ ತಳ್ಳಿ ಚಾಲೂ ಮಾಡಬಹುದು. ಸಮುದ್ರದಲ್ಲಿ ತಳ್ಳುವವರಿಲ್ಲ. ಗಾಳಿ ಎದ್ದ ದಿನ, ಅದರಲ್ಲೂ ನದಿ ಕಡಲನ್ನು ಸೇರುವ ಅಳಿವೆಯ ಬಳಿ, ಎಂಜಿನ್ ಇಲ್ಲದ ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ಮಗುಚಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸಣ್ಣ ದೋಣಿಗೂ ಎರಡು ಬ್ಯಾಟರಿ ಇರಲಿ ಎಂಬ ಮಾತು ಹುಟ್ಟಿರುವುದು ಈ ಭಯದಿಂದಲೇ. ಆದರೆ ಎರಡನೆಯ ಬ್ಯಾಟರಿ ತಂದು ದಪ್ಪ ತಂತಿಯಿಂದ ಮೊದಲನೆಯದಕ್ಕೆ ಬಿಗಿದುಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿದವರೇ ಹೆಚ್ಚು. ವಾಸ್ತವವಾಗಿ ಹಾಗೆ ಮಾಡಿದಲ್ಲಿ ದೋಣಿಯಲ್ಲಿರುವುದು ಎರಡು ಬ್ಯಾಟರಿಯಲ್ಲ, ಒಂದು ದೊಡ್ಡ ಬ್ಯಾಟರಿ. ದೀಪ ಎರಡನ್ನೂ ಒಟ್ಟಿಗೇ ಬರಿದು ಮಾಡುತ್ತದೆ. ಒಂದರೊಳಗಿನ ಒಂದು ಕೋಶ ಕೆಟ್ಟರೆ ಅದು ಇನ್ನೊಂದನ್ನೂ ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಖರ್ಚು ಇಮ್ಮಡಿಯಾಗುತ್ತದೆ, ರಕ್ಷಣೆ ಮಾತ್ರ ಇದ್ದಲ್ಲೇ ಇರುತ್ತದೆ.

ರಭಸ ಬೇರೆ, ಬಾಳಿಕೆ ಬೇರೆ

ಇದನ್ನು ಅರ್ಥ ಮಾಡಿಕೊಳ್ಳಲು ನಗರವಾಸಿಗಳಿಗೆ ಮನೆಯಲ್ಲೇ ಉದಾಹರಣೆಯಿದೆ. ಕಾರಿನಲ್ಲಿರುವ ಬ್ಯಾಟರಿಯೂ ಇನ್ವರ್ಟರ್‌ಗೆ ಜೋಡಿಸಿದ ಬ್ಯಾಟರಿಯೂ 12 ವೋಲ್ಟಿನವೇ, ಎರಡರಲ್ಲೂ ಸೀಸ ಮತ್ತು ಗಂಧಕಾಮ್ಲಗಳಿವೆ, ಸುಮಾರು 2.1 ವೋಲ್ಟಿನ ಆರಾರು ಕೋಶಗಳಿವೆ. ಒಳರಚನೆ ಮಾತ್ರ ಬೇರೆ. ಕಾರಿನ ಬ್ಯಾಟರಿಯಲ್ಲಿ ತೆಳುವಾದ ಫಲಕಗಳು ಹೆಚ್ಚು ಸಂಖ್ಯೆಯಲ್ಲಿದ್ದು, ಆಮ್ಲಕ್ಕೆ ತಾಗುವ ಮೇಲ್ಮೈ ವಿಶಾಲವಾಗಿರುತ್ತದೆ. ಆದ್ದರಿಂದ ಅದು ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ವಿದ್ಯುತ್ತನ್ನು ಚಿಮ್ಮಿಸಬಲ್ಲದು. ಇನ್ವರ್ಟರ್ ಬ್ಯಾಟರಿಯ ಫಲಕಗಳು ದಪ್ಪ. ಅದಕ್ಕೆ ಆ ರಭಸವಿಲ್ಲ. ಆದರೆ ಗಂಟೆಗಟ್ಟಲೆ ನಿಧಾನವಾಗಿ ವಿದ್ಯುತ್ ಕೊಟ್ಟು, ಮತ್ತೆ ತುಂಬಿಸಿಕೊಂಡು, ಮಾರನೆಯ ದಿನ ಮತ್ತೆ ಕೊಡುವ ತಾಳ್ಮೆಯಿದೆ. ತೆಳು ಫಲಕದ ಬ್ಯಾಟರಿಯನ್ನು ಪದೇ ಪದೇ ತಳಮಟ್ಟಕ್ಕೆ ಬರಿದು ಮಾಡಿದರೆ ಫಲಕದ ವಸ್ತು ಉದುರುತ್ತದೆ, ಉಳಿದ ಭಾಗದ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳು ಕಟ್ಟುತ್ತದೆ. ಕೆಲವೇ ತಿಂಗಳಲ್ಲಿ ಅದು ನಿರುಪಯುಕ್ತ.

ಲೆಕ್ಕ ಹಾಕಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಣ್ಣ ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ 200 ಆಂಪಿಯರ್ ಎಳೆಯಿತು, ಐದು ಸೆಕೆಂಡು ತಿರುಗಿತು ಎಂದಿಟ್ಟುಕೊಳ್ಳೋಣ. ಖರ್ಚಾಗುವುದು ಸುಮಾರು 0.28 ಆಂಪಿಯರ್-ಗಂಟೆ ಮಾತ್ರ. ಅತ್ತ 20 ವ್ಯಾಟ್‌ನಷ್ಟು ಎಲ್‌ಇಡಿ ದೀಪಗಳಿಗೆ 1.7 ಆಂಪಿಯರ್, ಫಿಶ್ ಫೈಂಡರ್‌ಗೆ ಒಂದು, ಜಿಪಿಎಸ್ ಮತ್ತು ಕಿವಿಗೊಟ್ಟು ಕುಳಿತ ವೈರ್‌ಲೆಸ್ಸಿಗೆ ಇನ್ನೊಂದು, ಹೀಗೆ ಒಟ್ಟು ನಾಲ್ಕು ಆಂಪಿಯರ್ ಹತ್ತಿರ ಹತ್ತಿರ. ಹತ್ತು ಗಂಟೆಯ ರಾತ್ರಿಗೆ 40 ಆಂಪಿಯರ್-ಗಂಟೆ. ಎಂಜಿನ್ ಚಾಲೂ ಮಾಡಲು ಬೇಕಾದುದರ ನೂರಕ್ಕೂ ಹೆಚ್ಚು ಪಟ್ಟು! ಎಂಜಿನ್ ಕೇಳುವುದು ಕೊಂಚವೇ ವಿದ್ಯುತ್. ಆದರೆ ಅದನ್ನು ಅರೆಕ್ಷಣದಲ್ಲಿ, ಪೂರ್ಣ ರಭಸದಲ್ಲಿ ಕೇಳುತ್ತದೆ. ದೀಪ ಕುಡಿದು ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ಕೈತುಂಬ ವಿದ್ಯುತ್ ಉಳಿದಿದ್ದರೂ ಆ ರಭಸ ಇರುವುದಿಲ್ಲ.

ಆದಕಾರಣ ಎಂಜಿನ್ನಿಗೆ ಸಾಮಾನ್ಯ ಸ್ಟಾರ್ಟಿಂಗ್ ಬ್ಯಾಟರಿ, ದೀಪ ಹಾಗೂ ಉಪಕರಣಗಳಿಗೆ ಡೀಪ್ ಸೈಕಲ್ ಎಂದು ಕರೆಯುವ ದಪ್ಪ ಫಲಕದ ಬ್ಯಾಟರಿ ಎಂಬುದು ಸರಿಯಾದ ಹಂಚಿಕೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಹೆಚ್ಚು. ಮೇಲಿನ ಲೆಕ್ಕದ ದೋಣಿಗೆ 100 ಆಂಪಿಯರ್-ಗಂಟೆಯದು ಬೇಕೇ ಬೇಕು. ಹಳೆಯ ಹ್ಯಾಲೊಜನ್ ಬಲ್ಬುಗಳಿದ್ದರೆ ಅದೂ ಸಾಲದು. 35 ವ್ಯಾಟ್‌ನ ಎರಡು ಬಲ್ಬುಗಳೇ ರಾತ್ರಿಗೆ 58 ಆಂಪಿಯರ್-ಗಂಟೆ ನುಂಗುತ್ತವೆ. ಅಂಥಲ್ಲಿ ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಬಲ್ಬು ಬದಲಿಸುವುದೇ ಅಗ್ಗ. ಮನೆಯ ಇನ್ವರ್ಟರಿನ ಎತ್ತರದ ಟ್ಯೂಬುಲರ್ ಬ್ಯಾಟರಿಯನ್ನೇ ತಂದಿಡುವ ಯೋಚನೆ ಕೆಲವರಿಗೆ ಬರುವುದುಂಟು. ಬಾಳಿಕೆಯ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಅದು ಎತ್ತರ, ಭಾರ. ಸದಾ ತೂಗಾಡುವ ದೋಣಿಯಲ್ಲಿ ಆಮ್ಲ ಚೆಲ್ಲುವ ಅಪಾಯ. ಮುಚ್ಚಿದ ಬಗೆಯ ಬ್ಯಾಟರಿಯೇ ಲೇಸು.

ಬೇರ್ಪಡಿಸುವುದು ಹೇಗೆ?

ಇಡೀ ವ್ಯವಸ್ಥೆಯ ಜೀವಾಳ ಇಲ್ಲಿದೆ. ಎಂಜಿನ್ ಓಡುವಾಗ ಅದರ ಡೈನಮೊ ಎರಡೂ ಬ್ಯಾಟರಿಗಳನ್ನು ತುಂಬಬೇಕು. ಎಂಜಿನ್ ನಿಂತೊಡನೆ ಎರಡರ ನಡುವಣ ಸಂಬಂಧ ಕಡಿಯಬೇಕು. ಋಣ ತುದಿಗಳು ಎರಡಕ್ಕೂ ಸಮಾನವಾಗಿ ಜೋಡಣೆಯಾಗಿರುತ್ತವೆ. ಬೇರೆಯಾಗಿರಬೇಕಾದುದು ಧನ ತುದಿಗಳು.

ಹಳೆಯ ವಿಧಾನವೆಂದರೆ ಕೈಯಿಂದ ತಿರುಗಿಸುವ ದೊಡ್ಡ ಸ್ವಿಚ್ಚು. ಅದರ ಮೇಲೆ ಒಂದು, ಎರಡು, ಎರಡೂ, ಬಂದ್ ಎಂಬ ನಾಲ್ಕು ಸ್ಥಾನಗಳಿರುತ್ತವೆ. ಅಗ್ಗ, ಗಟ್ಟಿಮುಟ್ಟು, ಕೆಟ್ಟರೆ ಕಣ್ಣಿಗೇ ಕಾಣುತ್ತದೆ. ಆದರೆ ಅದು ಮನುಷ್ಯನ ನೆನಪನ್ನು ನಂಬಿ ನಡೆಯುವ ಸಾಧನ. ‘ಎರಡೂ’ ಎಂಬಲ್ಲಿಗೆ ತಿರುಗಿಸಿ ಓಡಿಸಿದ ತಾಂಡೇಲ ಬಲೆ ಬಿಡುವ ಗಡಿಬಿಡಿಯಲ್ಲಿ ಅದನ್ನು ಹಿಂದಿರುಗಿಸಲು ಮರೆತನೆಂದರೆ ಬೆಳಗಾಗುವಷ್ಟರಲ್ಲಿ ಎರಡೂ ಖಾಲಿ. ಎಂಜಿನ್ ಓಡುತ್ತಿರುವಾಗ ‘ಬಂದ್’ ಸ್ಥಾನಕ್ಕೆ ತಿರುಗಿಸಿದರೆ ಇನ್ನೊಂದು ಬಗೆಯ ನಷ್ಟ: ಹೋಗಲು ದಾರಿಯಿಲ್ಲದ ವಿದ್ಯುತ್ತು ಡೈನಮೊದ ಒಳಗಿನ ಡಯೋಡುಗಳನ್ನೇ ಸುಟ್ಟುಹಾಕಬಹುದು.

ಈ ಮರೆವಿನಿಂದ ಪಾರಾಗಲು ಬಂದದ್ದು ವೋಲ್ಟೇಜ್ ಗಮನಿಸಿ ತಾನಾಗಿಯೇ ಕೂಡುವ, ಕಡಿಯುವ ರಿಲೇ. ಎಂಜಿನ್ ಚಾಲೂ ಆಗಿ ಮೊದಲ ಬ್ಯಾಟರಿಯ ವೋಲ್ಟೇಜು ಸುಮಾರು 13.3ಕ್ಕೆ ಏರಿದಾಗ ಅದು ಎರಡನ್ನೂ ಕೂಡಿಸುತ್ತದೆ. ಎಂಜಿನ್ ನಿಂತು ವೋಲ್ಟೇಜು 12.8ರ ಆಸುಪಾಸಿಗೆ ಇಳಿದಾಗ ಕಡಿಯುತ್ತದೆ. ಹೀಗಾಗಿ ಸ್ಟಾರ್ಟಿಂಗ್ ಬ್ಯಾಟರಿಗೆ ಮೊದಲ ಊಟ, ಉಳಿದದ್ದು ಎರಡನೆಯದಕ್ಕೆ. ಡಯೋಡು ಬಳಸಿ ಬೇರ್ಪಡಿಸುವ ಪೆಟ್ಟಿಗೆಗಳೂ ಇವೆ. ಅವುಗಳಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ವೋಲ್ಟೇಜು ನಷ್ಟವಾಗುವುದರಿಂದ ಬ್ಯಾಟರಿ ಎಂದೂ ಪೂರ್ತಿ ತುಂಬದು. ಸಣ್ಣ ದೋಣಿಗೆ ರಿಲೇ ಹಾಗೂ ಪ್ರತಿ ಬ್ಯಾಟರಿಗೊಂದು ಸಾದಾ ಸ್ವಿಚ್ಚು ಇದ್ದರೆ ಅದಕ್ಕಿಂತ ಉತ್ತಮ ವ್ಯವಸ್ಥೆ ಬೇಕಿಲ್ಲ. ಜೊತೆಗೆ, ಸ್ಟಾರ್ಟಿಂಗ್ ಬ್ಯಾಟರಿಯೇ ಕೈಕೊಟ್ಟ ದಿನ ಎರಡನ್ನೂ ಕೂಡಿಸಲು ತುರ್ತು ಸ್ವಿಚ್ಚೊಂದಿರಲಿ.

ತಳದಲ್ಲಿ ನಿಲ್ಲುವ ನೀರನ್ನು ಹೊರಹಾಕುವ ಸ್ವಯಂಚಾಲಿತ ಪಂಪು ಮಾತ್ರ ಈ ಸ್ವಿಚ್ಚುಗಳಾವುದಕ್ಕೂ ಒಳಪಡಕೂಡದು. ದೋಣಿಯನ್ನು ದಕ್ಕೆಯಲ್ಲಿ ಕಟ್ಟಿ, ಎಲ್ಲವನ್ನೂ ಬಂದ್ ಮಾಡಿ ಮನೆಗೆ ಹೋದ ರಾತ್ರಿಯೂ ನೀರು ಏರಬಹುದು. ಅದಕ್ಕೆ ಎರಡನೆಯ ಬ್ಯಾಟರಿಯಿಂದ ನೇರ ತಂತಿ, ಅದರದ್ದೇ ಫ್ಯೂಸು ಇರಬೇಕು.

ಕೇಳಿಸುತ್ತದೆ, ಮಾತನಾಡಲಾಗದು

ಇಲ್ಲೊಂದು ಪ್ರಶ್ನೆ ಏಳುತ್ತದೆ: ವೈರ್‌ಲೆಸ್ ಯಾವ ಬ್ಯಾಟರಿಯದು? 25 ವ್ಯಾಟ್‌ನ ವಿಎಚ್‌ಎಫ್ ಸೆಟ್ಟು ಕೇಳುವಾಗ ಅರ್ಧ ಆಂಪಿಯರ್ ಬಳಸಿದರೆ, ಮಾತನಾಡುವ ಗುಂಡಿ ಒತ್ತಿದಾಗ ಐದಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಬಸವಳಿದಿದ್ದರೆ ಆ ಕ್ಷಣದಲ್ಲಿ ವೋಲ್ಟೇಜು ಕುಸಿದು ಸೆಟ್ಟು ಆರಿಹೋಗುತ್ತದೆ. ಬೇರೆ ದೋಣಿಗಳ ಮಾತು ಸ್ಪಷ್ಟವಾಗಿ ಕೇಳುತ್ತಿರುತ್ತದೆ. ತನ್ನ ಕೂಗು ಮಾತ್ರ ಯಾರಿಗೂ ಮುಟ್ಟುವುದಿಲ್ಲ. ತೆಳು ತಂತಿಯೂ ಇದೇ ಅನಾಹುತ ಮಾಡಬಲ್ಲದು. ಆರು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿಯಲ್ಲಿ 10 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲೇ 0.8 ವೋಲ್ಟು ಕರಗುತ್ತದೆ. ವೈರ್‌ಲೆಸ್ಸಿಗೆ ಪ್ರತ್ಯೇಕವಾದ ದಪ್ಪ ತಂತಿ ಎಳೆದು, ಅಗತ್ಯ ಬಿದ್ದಾಗ ಎರಡರಲ್ಲಿ ಯಾವ ಬ್ಯಾಟರಿಗಾದರೂ ತಿರುಗಿಸಿಕೊಳ್ಳುವಂತೆ ಮಾಡುವುದು ಜಾಣತನ.

2017ರ ನವೆಂಬರ್ ಕೊನೆಯಲ್ಲಿ ಕೇರಳ, ಕನ್ಯಾಕುಮಾರಿ ಕಡೆಗೆ ಅಪ್ಪಳಿಸಿದ ಓಖಿ ಚಂಡಮಾರುತ ಈ ಮಾತಿನ ತೂಕವನ್ನು ತೋರಿಸಿತು. ಮುನ್ನೆಚ್ಚರಿಕೆ ಹೊರಡುವ ಹೊತ್ತಿಗೆ ಅನೇಕ ದೋಣಿಗಳು ಮೊಬೈಲ್ ಸಂಕೇತ ತಲುಪದಷ್ಟು ದೂರದಲ್ಲಿದ್ದವು. ಅವುಗಳಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ದೋಣಿಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರ ಸರ್ಕಾರದ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ದೊರೆಯಿತು. ಕರಾವಳಿ ರಕ್ಷಣಾ ಪಡೆಯ 1554 ಸಹಾಯವಾಣಿಯೂ ಇದೆ. ವಿಎಚ್‌ಎಫ್‌ನ 16ನೇ ಚಾನೆಲ್ ಇದ್ದೇ ಇದೆ. ಆದರೆ ಇವುಗಳಲ್ಲಿ ಯಾವುದನ್ನು ನೆಚ್ಚಬೇಕಾದರೂ ದೋಣಿಯಲ್ಲಿ ವಿದ್ಯುತ್ ಉಳಿದಿರಬೇಕು. ಉಪಕರಣ ಕೊಡುವವರು ಬ್ಯಾಟರಿಯ ಮಾತೆತ್ತುವುದು ವಿರಳ.

ಉಪ್ಪು, ಆಮ್ಲ, ಅನಿಲ

ಜೋಡಣೆ ಎಷ್ಟೇ ಸರಿಯಾಗಿದ್ದರೂ ಉಪ್ಪುಗಾಳಿ ಅದನ್ನು ಬಿಡುವುದಿಲ್ಲ. ಮನೆಗೆ ಬಳಸುವ ತಂತಿಯನ್ನು ಹೊಸೆದು ಟೇಪು ಸುತ್ತಿದ ಜೋಡಣೆ ಕಡಲಲ್ಲಿ ಒಂದು ಹಂಗಾಮು ದಾಟುವುದೂ ಕಷ್ಟ. ಒಳಗೊಳಗೇ ಹಸಿರು ಕಿಲುಬು ಹಿಡಿದು ತಂತಿ ಪುಡಿಯಾಗುತ್ತದೆ. ತವರ ಲೇಪಿಸಿದ ತಾಮ್ರದ ತಂತಿ, ಒತ್ತಿ ಬಿಗಿದ ತುದಿಗಳು, ಮೇಲೆ ಗ್ರೀಸು ಇದ್ದರೆ ವರ್ಷಗಟ್ಟಲೆ ತಾಳುತ್ತದೆ. ಫ್ಯೂಸು ಉಪಕರಣದ ಬಳಿ ಇದ್ದರೆ ಸಾಲದು. ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವೆ ತಂತಿ ಉಜ್ಜಿ ಬಯಲಾದರೆ ಅದನ್ನು ತಡೆಯುವವರು ಯಾರೂ ಇಲ್ಲ.

100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯ ತೂಕ ಸುಮಾರು 25ರಿಂದ 30 ಕಿಲೊ. ಅಲೆಯಲ್ಲಿ ಅದು ಜಾರಿದರೆ ಕಲಾಸಿಗಳ ಕಾಲು ಮುರಿಯಬಹುದು. ಕೆಳಗೆ, ನಡುಭಾಗದಲ್ಲಿ, ಆದರೆ ತಳದ ನೀರು ಮುಟ್ಟದ ಎತ್ತರದಲ್ಲಿ ಪೆಟ್ಟಿಗೆಯೊಳಗಿಟ್ಟು ಪಟ್ಟಿಯಿಂದ ಬಿಗಿಯಬೇಕು. ಉಪ್ಪುನೀರು ಬ್ಯಾಟರಿಯ ಒಳಹೊಕ್ಕರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಚಾರ್ಜಾಗುವಾಗ ಹೊರಡುವ ಜಲಜನಕ ಗಾಳಿಯಲ್ಲಿ ಶೇ. 4ರಷ್ಟಾದರೆ ಒಂದು ಕಿಡಿಗೇ ಸಿಡಿಯಬಲ್ಲದು. ಆದ್ದರಿಂದ ಪೆಟ್ಟಿಗೆಗೆ ಗಾಳಿಗಂಡಿ ಬೇಕು, ಇಂಧನದ ಡಬ್ಬಿ ದೂರವಿರಬೇಕು.

ಇತ್ತೀಚೆಗೆ ಹೆಸರು ಕೇಳಿಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಬಾಳಿಕೆಯೂ ಹೆಚ್ಚು. ಆದರೆ ಅದು ಹಸಿದವನಂತೆ ಡೈನಮೊದ ಸಾಮರ್ಥ್ಯವನ್ನೆಲ್ಲ ಒಮ್ಮೆಲೇ ಎಳೆದು ಅದನ್ನು ಕಾಯಿಸಿಬಿಡುತ್ತದೆ. ನಡುವೆ ಪ್ರತ್ಯೇಕ ಚಾರ್ಜರ್ ಬೇಕು. ಬೆಲೆಯನ್ನೂ ಸೇರಿಸಿ ನೋಡಿದರೆ ಸಣ್ಣ ದೋಣಿಗೆ ಸದ್ಯಕ್ಕೆ ಸೀಸವೇ ಸಾಕು.

ಎಲ್ಲ ದೋಣಿಗೂ ಜೋಡಿ ಬ್ಯಾಟರಿ ಬೇಕೆಂದೇನೂ ಇಲ್ಲ. ಮಳೆಗಾಲದ ಎರಡು ತಿಂಗಳು, ಜೂನ್ ಮತ್ತು ಜುಲೈ, ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಕಡಲಿಗಿಳಿಯುವ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳ ಮೋಟಾರು ಸಾಮಾನ್ಯವಾಗಿ ಹಗ್ಗ ಎಳೆದು ಚಾಲೂ ಮಾಡುವಂಥದು. ಅಲ್ಲಿ ಬ್ಯಾಟರಿ ಸತ್ತರೂ ಎಂಜಿನ್ ಏಳುತ್ತದೆ. ಅಂಥ ದೋಣಿಯವರು ಎರಡನೆಯ ಬ್ಯಾಟರಿಯ ಹಣದಲ್ಲಿ, ತನ್ನದೇ ಬ್ಯಾಟರಿಯುಳ್ಳ ನೀರು ನಿರೋಧಕ ಕೈ ವೈರ್‌ಲೆಸ್ ಕೊಂಡರೆ ಹೆಚ್ಚು ಕ್ಷೇಮ. ಇಂಥ ಮೋಟಾರುಗಳಿಂದ ಸಿಗುವ ಚಾರ್ಜು ಅತ್ಯಲ್ಪ. 100 ವ್ಯಾಟ್‌ನ ಸೌರಫಲಕ ಬೇಸಗೆಯಲ್ಲಿ ದಿನಕ್ಕೆ ಸುಮಾರು 30 ಆಂಪಿಯರ್-ಗಂಟೆ ಕೊಟ್ಟೀತು. ಆದರೆ ಅತ್ಯಗತ್ಯವಿರುವ ಮಳೆಗಾಲದಲ್ಲೇ ಸೂರ್ಯ ಕಾಣುವುದಿಲ್ಲ.

ನಿಷೇಧದ ಅವಧಿಯಲ್ಲಿ ದಡದಲ್ಲಿ ನಿಂತ ಯಾಂತ್ರಿಕ ದೋಣಿಗಳ ಬ್ಯಾಟರಿಗೆ ಇನ್ನೊಂದು ಕುತ್ತು ಕಾದಿರುತ್ತದೆ. ಬಳಸದೆ ಇಟ್ಟರೂ ಅದು ತಾನಾಗಿ ಇಳಿಯುತ್ತಾ ಹೋಗುತ್ತದೆ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಹರಳುಗಟ್ಟುತ್ತದೆ. ತಂತಿ ಕಳಚಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು. ಕೆಲವು ಗಂಟೆ ವಿಶ್ರಾಂತಿಯ ಬಳಿಕ ಅಳೆದಾಗ 12.6 ಅಥವಾ 12.7 ವೋಲ್ಟು ತೋರಿದರೆ ಅದು ತುಂಬಿದೆ ಎಂದರ್ಥ; 12.2 ಅಂದರೆ ಅರ್ಧ. 12ಕ್ಕಿಂತ ಕಡಿಮೆಯಿದ್ದರೆ ಬಹುಪಾಲು ಬರಿದಾಗಿದೆ.

ಆಗಸ್ಟ್‌ನಲ್ಲಿ ಮತ್ತೆ ಕಡಲಿಗಿಳಿಯುವ ಮುನ್ನ ದಕ್ಕೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಂಜಿನ್ ನಿಲ್ಲಿಸಿ ದೀಪ, ವೈರ್‌ಲೆಸ್, ಫಿಶ್ ಫೈಂಡರ್ ಎಲ್ಲವನ್ನೂ ಹಾಕಿ ಒಂದು ರಾತ್ರಿ ಬಿಡುವುದು. ಬೆಳಗ್ಗೆ ದೀಪಗಳು ಮಂಕಾಗಿದ್ದರೂ ಮೊದಲ ಸೆಲ್ಫ್‌ಗೇ ಎಂಜಿನ್ ಎದ್ದರೆ ಬೇರ್ಪಡಿಕೆ ಸರಿಯಾಗಿದೆ. ಏಳದಿದ್ದರೆ ರಿಲೇ ಅಂಟಿಕೊಂಡಿದೆ, ಇಲ್ಲವೇ ಎಲ್ಲೋ ಒಂದು ತಂತಿ ಎರಡೂ ಬ್ಯಾಟರಿಗಳನ್ನು ಗುಟ್ಟಾಗಿ ಕೂಡಿಸಿದೆ ಎಂದು ತಿಳಿದು ಅಲ್ಲಿಂದಲೇ ಹುಡುಕಲು ಆರಂಭಿಸಬೇಕು.