ತೆರೆಯ ಮೇಲಿನ ಕೃಷ್ಣಪ್ಪ, ವಿಧಾನಸೌಧದ ಅನಂತನಾಗ್

‘ಅನಂತನಾಗ್ ಮಂತ್ರಿ ಆಗಿದ್ರಾ? ಯಾವ ಸಿನಿಮಾದಲ್ಲಿ?’

ಹಾಸ್ಟೆಲಿನ ಗೆಳೆಯ ಹೀಗೆ ಕೇಳಿದಾಗ ನಕ್ಕುಬಿಟ್ಟೆ. ಆದರೆ ಅವನ ಪ್ರಶ್ನೆಯಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ನಮ್ಮ ವಯಸ್ಸಿನವರಿಗೆ ಅನಂತನಾಗ್ ಎಂದರೆ ‘ಕೆಜಿಎಫ್’ನಲ್ಲಿ ರಾಕಿಯ ಕತೆ ಹೇಳುವ ಪತ್ರಕರ್ತ, ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ವಿನಲ್ಲಿ ನೆನಪು ಕಳೆದುಕೊಂಡು ನಮ್ಮನ್ನೆಲ್ಲ ಅಳಿಸಿದ ಅಪ್ಪ. ಅವರು ಶಾಸಕರಾಗಿದ್ದರು, ಬೆಂಗಳೂರು ನಗರಾಭಿವೃದ್ಧಿ ಸಚಿವರಾಗಿದ್ದರು ಎಂದರೆ ಕ್ಲಾಸಿನಲ್ಲಿ ಅರ್ಧ ಜನ ನಂಬುವುದಿಲ್ಲ.

ಸಿನಿಮಾದವರು ರಾಜಕೀಯಕ್ಕೆ ಬರಬೇಕೇ, ಬೇಡವೇ? ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಸವಕಲಾದ ವಿಷಯ ಇದು. ಪರ ಮಾತಾಡುವವರು ಎನ್‌ಟಿಆರ್ ಹೆಸರು ಹೇಳುತ್ತಾರೆ, ವಿರೋಧಿಸುವವರು ಸೋತವರ ಪಟ್ಟಿ ಓದುತ್ತಾರೆ. ಗೆದ್ದೂ ಸೋತೂ ಕೊನೆಗೆ ತನ್ನ ಕಸುಬಿಗೇ ಮರಳಿದ ಅನಂತನಾಗ್ ಎರಡೂ ಪಟ್ಟಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿಯೇ ಅವರ ಬದುಕು ನನಗೆ ಹೆಚ್ಚು ಕುತೂಹಲಕರ.

ಒಂದೇ ವಾರದ ಎರಡು ಪ್ರಮಾಣವಚನ

ನಮ್ಮೂರು ಸಿದ್ದಾಪುರ ತಾಲ್ಲೂಕಿನ ತ್ಯಾಗಲಿ. ಇಲ್ಲಿ ಅಡಿಕೆ ಸುಲಿಯುವಲ್ಲಿ ನಾಲ್ಕು ಜನ ಹಿರಿಯರು ಕೂತರೆ ರಾಮಕೃಷ್ಣ ಹೆಗಡೆಯವರ ಹೆಸರು ಬಂದೇ ಬರುತ್ತದೆ. ಅವರು ಇದೇ ತಾಲ್ಲೂಕಿನ ದೊಡ್ಮನೆಯವರು. 1983ರ ಜನವರಿ 9ರಂದು ಪಕ್ಕದ ಆಂಧ್ರದಲ್ಲಿ ಚಿತ್ರನಟ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾದರು. ಪಕ್ಷ ಕಟ್ಟಿ ವರ್ಷವೂ ತುಂಬಿರಲಿಲ್ಲ. ಮರುದಿನ, ಜನವರಿ 10ರಂದು, ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು.

ಆಂಧ್ರದ ಗಾಳಿ ಇಲ್ಲಿಗೂ ಬೀಸಬಹುದಿತ್ತು. ಗೋಕಾಕ್ ಚಳವಳಿಯಲ್ಲಿ ಡಾ. ರಾಜಕುಮಾರ್ ಹಿಂದೆ ಇಡೀ ನಾಡೇ ನಡೆದಿತ್ತು. ಆದರೆ ರಾಜ್ ಚುನಾವಣೆಯಿಂದ ದೂರವೇ ಉಳಿದರು. ಜನತಾ ಪಕ್ಷದ ಪರ ಪ್ರಚಾರಕ್ಕೆ ಇಳಿದವರು ನಮ್ಮ ಜಿಲ್ಲೆಯ ನಂಟಿದ್ದ ಅಣ್ಣ–ತಮ್ಮ: ಅನಂತನಾಗ್ ಮತ್ತು ಶಂಕರ್ ನಾಗ್. ಅನಂತ್ ಹುಟ್ಟಿದ್ದು ಮುಂಬೈಯಲ್ಲಿ, 1948ರಲ್ಲಿ. ಆದರೆ ಬಾಲ್ಯದ ಒಂದಷ್ಟು ಕಾಲ ಕಳೆದದ್ದು ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ. ಶಂಕರ್ ಹೊನ್ನಾವರದವರು ಎಂದು ಕರಾವಳಿಯವರು ಇವತ್ತಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ.

ಮುಂಬೈ ರಂಗಭೂಮಿಯಿಂದ ಬಂದ ಅನಂತ್ 1973ರ ‘ಸಂಕಲ್ಪ’ದಿಂದ ಕನ್ನಡದಲ್ಲಿ, 1974ರ ‘ಅಂಕುರ್’ನಿಂದ ಹಿಂದಿಯಲ್ಲಿ ಗುರುತಿಸಿಕೊಂಡರು. ‘ಹಂಸಗೀತೆ’, ‘ಬಯಲುದಾರಿ’, ‘ನಾ ನಿನ್ನ ಬಿಡಲಾರೆ’ ಎಲ್ಲ ಆ ದಶಕದವೇ. ರಾಜಕೀಯಕ್ಕೆ ಬರುವ ಹೊತ್ತಿಗೆ ಅವರು ಅವಕಾಶ ಕಡಿಮೆಯಾದ ನಟರೇನೂ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ನಟಿಸಿದ್ದು ಮತ್ತು ಎದುರಾದದ್ದು

1987ರಲ್ಲಿ ‘ಅವಸ್ಥೆ’ ಬಂತು. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಕೃಷ್ಣ ಮಾಸಡಿ ನಿರ್ದೇಶನ. ನಾಯಕ ಕೃಷ್ಣಪ್ಪ ಗೌಡ ರೈತ ಹೋರಾಟದಿಂದ ಬೆಳೆದ ಪ್ರಾಮಾಣಿಕ ರಾಜಕಾರಣಿ. ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಅವನಿಗೆ ಮುಖ್ಯಮಂತ್ರಿ ಪದವಿಯ ಆಮಿಷ ಬರುತ್ತದೆ, ಆದರೆ ಅದಕ್ಕೆ ರಾಜಿಯ ಬೆಲೆ ತೆರಬೇಕು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳು ಈ ಪಾತ್ರದ ಮೇಲಿದೆ ಎಂದು ಓದುಗರೆಲ್ಲ ಬಲ್ಲರು. ಅನಂತನಾಗ್ ಅವರಿಗೆ ಈ ಪಾತ್ರ ರಾಜ್ಯ ಪ್ರಶಸ್ತಿ ತಂದುಕೊಟ್ಟಿತು.

ಆಮೇಲಿನದು ಸಿನಿಮಾದಲ್ಲಿ ಬಂದಿದ್ದರೆ ‘ಕಾಕತಾಳೀಯ ಜಾಸ್ತಿಯಾಯ್ತು’ ಅನ್ನುತ್ತಿದ್ದೆವು. 1994ರಲ್ಲಿ ಅನಂತನಾಗ್ ಜನತಾದಳದಿಂದ ಮಲ್ಲೇಶ್ವರದ ಶಾಸಕರಾದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದ ಮೇಲೆ ಮುಖ್ಯಮಂತ್ರಿಯಾದವರು ಜೆ.ಎಚ್. ಪಟೇಲ್. ಗೋಪಾಲಗೌಡರ ಸಮಾಜವಾದಿ ಬಳಗದಿಂದಲೇ ಬಂದವರು, 1967ರಲ್ಲಿ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದವರು. ಕೃಷ್ಣಪ್ಪನಾಗಿ ನಟಿಸಿದವರು ಈಗ ನಿಜವಾದ ಕೃಷ್ಣಪ್ಪನ ಬಳಗದವರ ಸಂಪುಟದಲ್ಲೇ ಮಂತ್ರಿ!

ರಜೆಯಲ್ಲಿ ಊರಿಗೆ ಹೋದಾಗ ಈ ಕತೆಯನ್ನು ಉತ್ಸಾಹದಿಂದ ಹೇಳಿದೆ. ಅಜ್ಜ ಕವಳ ಹಾಕುತ್ತಾ ಕೇಳಿದ್ದು ಒಂದೇ ಮಾತು: ‘ಅಂವ ಒಳ್ಳೆ ನಟ ಹೌದು ತಮಾ, ಮಂತ್ರಿ ಆದಾಗ ಎಂತ ಮಾಡಿದ್ದ ಹೇಳು ನೋಡನ?’

ಎಂಜಿನಿಯರಿಂಗ್ ಓದುವವನಾಗಿ ನನಗೆ ಮೊದಲು ನೆನಪಾದದ್ದು ಮೆಟ್ರೊ. ಬೆಂಗಳೂರಿಗೆ ಲಂಡನ್ನಿನಂಥ ಮೆಟ್ರೊ ಬೇಕೆಂದು ಕನಸು ಕಂಡವರು ಶಂಕರ್ ನಾಗ್. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಇನ್ನೂ 35. ಕೆಲವೇ ವರ್ಷದಲ್ಲಿ ಅಣ್ಣನ ಕೈಗೆ ಅದೇ ಊರಿನ ಅಭಿವೃದ್ಧಿ ಖಾತೆ ಬಂತು. ಸಿನಿಮಾ ಆಗಿದ್ದರೆ ಇಂಟರ್ವಲ್ ನಂತರ ರೈಲು ಓಡಬೇಕಿತ್ತು. ಆದರೆ ಆ ದಶಕದಲ್ಲಿ ರೂಪುಗೊಂಡ ಲಘು ರೈಲಿನ ಯೋಜನೆ ಕಾಗದದಲ್ಲೇ ಉಳಿಯಿತು. ‘ನಮ್ಮ ಮೆಟ್ರೊ’ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು.

ಇದನ್ನು ಒಬ್ಬ ಮಂತ್ರಿಯ ಸೋಲು ಎನ್ನಲಾರೆ. ಮಣ್ಣು ಪರೀಕ್ಷೆ, ಯೋಜನಾ ವರದಿ, ಭೂಸ್ವಾಧೀನ, ಸಾಲ, ಕೇಂದ್ರದ ಒಪ್ಪಿಗೆ ಇವೆಲ್ಲ ಸೇರಿ ಒಂದು ಹಳಿಯಾಗುತ್ತದೆ. ಮಂತ್ರಿಗಿರುವುದು ಮೂರ್ನಾಲ್ಕು ವರ್ಷ. ಕ್ಯಾಮೆರಾದ ಮುಂದೆ ಒಬ್ಬರೇ ಗೆಲ್ಲಬಹುದು, ಕಡತದ ಮುಂದೆ ಆಗುವುದಿಲ್ಲ. ಅಜ್ಜನಿಗೆ ಇಷ್ಟನ್ನು ಹೇಳಿದಾಗ ‘ಹ್ಞೂಂ’ ಎಂದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ!

ಜನರ ಲೆಕ್ಕ ಬೇರೆ

2004ರಲ್ಲಿ ಅನಂತನಾಗ್ ಚಾಮರಾಜಪೇಟೆಯಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಎದುರು ಜೆಡಿಎಸ್‌ನಿಂದ ನಿಂತು ಸೋತರು. ಅಭಿಮಾನ ಬೇರೆ, ಮತ ಬೇರೆ ಎಂಬುದಕ್ಕೆ ಅಂಬರೀಷ್ ಇನ್ನೊಂದು ಉದಾಹರಣೆ. ಮಂಡ್ಯದಿಂದ ಮೂರು ಸಲ ಸಂಸದರಾದ ಅವರು 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ತೀರ್ಪು ಬಂದಾಗ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಷ್ಟಾಗಿಯೂ 2009ರಲ್ಲಿ ಅದೇ ಮಂಡ್ಯ ಅವರನ್ನು ಸೋಲಿಸಿತು.

ನಮ್ಮ ಜಿಲ್ಲೆಯದೇ ಒಂದು ಗೆಲುವನ್ನೂ ನೋಡಿ. 1967ರಲ್ಲಿ ಚುಟುಕು ಕವಿ ದಿನಕರ ದೇಸಾಯಿ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ಗೆಲ್ಲಿಸಿದ್ದು ಚುಟುಕವಷ್ಟೇ ಅಲ್ಲ. ಅದರ ಹಿಂದೆ ರೈತ ಹೋರಾಟವಿತ್ತು, ಹಳ್ಳಿ ಮಕ್ಕಳಿಗೆ ತೆರೆದ ಶಾಲೆಗಳಿದ್ದವು.

ಖ್ಯಾತಿಗೆ ಬೆಲೆಯೇ ಇಲ್ಲ ಎಂದಲ್ಲ. ಶ್ರೀಲಂಕಾದ ಸಿಂಹಳ ಚಿತ್ರರಂಗದ ಜನಪ್ರಿಯ ನಾಯಕ ವಿಜಯ ಕುಮಾರತುಂಗ 1984ರಲ್ಲಿ ಸ್ವಂತ ಪಕ್ಷ ಕಟ್ಟಿದರು. ಜನಾಂಗೀಯ ದ್ವೇಷ ಉರಿಯುತ್ತಿದ್ದಾಗ ಜಾಫ್ನಾಕ್ಕೆ ಹೋಗಿ ತಮಿಳು ಹೋರಾಟಗಾರರ ಜೊತೆ ಕೂತು ಮಾತಾಡಿದರು. ಸಿಂಹಳರ ಕಣ್ಮಣಿಯಾಗಿದ್ದವರು ಆ ಪ್ರೀತಿಯನ್ನೇ ಪಣಕ್ಕಿಟ್ಟು ಮಾಡಿದ ಕೆಲಸ ಅದು. 1988ರ ಫೆಬ್ರುವರಿ 16ರಂದು ಕೊಲಂಬೊದ ಮನೆಯೆದುರೇ ಅವರನ್ನು ಗುಂಡಿಕ್ಕಿ ಕೊಂದರು. ಮುಂದೆ ಅವರ ಪತ್ನಿ ಚಂದ್ರಿಕಾ ದೇಶದ ಅಧ್ಯಕ್ಷೆಯಾದರು.

ಮರಳಿ ಬರುವ ದಾರಿ

ಅನಂತನಾಗ್ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಸೋಲಿನ ನಂತರದ ಭಾಗ. ‘ಮಾಜಿ ಸಚಿವ’ ಎಂಬ ಬಿರುದು ಹೊತ್ತು ಕೂರಲಿಲ್ಲ. ‘ಮುಂಗಾರು ಮಳೆ’, ‘ಗೋಧಿ ಬಣ್ಣ...’, ‘ಕವಲುದಾರಿ’ ಎಲ್ಲ 2004ರ ಸೋಲಿನ ಈಚಿನವು. 2025ರಲ್ಲಿ ಪದ್ಮಭೂಷಣವೂ ಬಂತು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಆಯ್ಕೆಯಾಗದವರು, ಒಂದು ಪರೀಕ್ಷೆಗೆ ವರ್ಷಗಟ್ಟಲೆ ಓದಿ ಕೈಬಿಟ್ಟವರು ನಮ್ಮ ನಡುವೆ ಬಹಳ ಇದ್ದಾರೆ. ಬೇರೆ ದಾರಿ ಹಿಡಿದು ನೋಡುವುದು, ಆಗದಿದ್ದರೆ ಕಲಿತ ಕಸುಬಿಗೆ ತಲೆಯೆತ್ತಿಕೊಂಡೇ ಮರಳುವುದು ಅವಮಾನವಲ್ಲ.

2023ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ನನಗೆ 18 ತುಂಬಿರಲಿಲ್ಲ. ಮುಂದಿನದು 2028ಕ್ಕೆ. ಅಷ್ಟರಲ್ಲಿ ಇನ್ನಷ್ಟು ಸ್ಟಾರ್‌ಗಳು ಕೈಮುಗಿದು ಬರುತ್ತಾರೆ. ಸೆಲ್ಫಿ ತೆಗೆದುಕೊಳ್ಳೋಣ, ತಪ್ಪಿಲ್ಲ. ಆದರೆ ಮತಗಟ್ಟೆಗೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಟಿಕೆಟ್ ಸಿಗುವ ಮುಂಚೆ ಇವರು ಜನರ ನಡುವೆ ಏನು ಮಾಡಿದ್ದರು? ಗೆದ್ದರೆ ಸದನದಲ್ಲಿ ಕೂತು ಕಡತ ಓದುತ್ತಾರಾ? ತಮ್ಮನ್ನು ಮೆಚ್ಚಿದವರಿಗೆ ಕಹಿಯಾದ ಸತ್ಯ ಹೇಳುವ ಧೈರ್ಯ ಇದೆಯಾ? ಸಿನಿಮಾದವರಿಗೆ ಮಾತ್ರವಲ್ಲ, ಮತ ಕೇಳಿ ಬರುವ ಎಲ್ಲರಿಗೂ ಇದೇ ಪ್ರಶ್ನೆ.