ಅಮ್ಮಾ, ಮಾತ್ರೆ ಆಯ್ತಾ?

ಬೆಳಗ್ಗೆ ಅಂಧೇರಿಯಲ್ಲಿ ಚರ್ಚ್‌ಗೇಟ್ ಲೋಕಲ್ ಹತ್ತಿದ ಮೇಲೆ, ಮನೆಯಲ್ಲಿ ಅಮ್ಮ ಮಾತ್ರೆ ತೆಗೆದುಕೊಂಡರೋ ಇಲ್ಲವೋ ಎಂಬ ಚಿಂತೆ ನಿಮ್ಮನ್ನೂ ಕಾಡಿದೆಯೇ? ಇದು ಎಲ್ಲ ಕಡೆಯ ಕಥೆ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ಮರೆಯುವುದು ಒಂದು ತೊಂದರೆ. ತೆಗೆದುಕೊಂಡದ್ದನ್ನೇ ಮರೆತು ಮತ್ತೊಮ್ಮೆ ನುಂಗುವುದು ಇನ್ನೊಂದು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ಎರಡಾದರೆ ರಕ್ತದ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು.

ಗೋಡೆಯ ಕಾಲನಿರ್ಣಯದ ಪಕ್ಕ ಒಂದು ಪೆನ್ನು ಕಟ್ಟಿಡಿ. ಮಾತ್ರೆ ನುಂಗಿದ ಕೂಡಲೇ ಆ ತಾರೀಕಿನ ಚೌಕದಲ್ಲಿ ಬೆಳಗ್ಗೆಯದಕ್ಕೆ ‘ಬೆ’, ರಾತ್ರಿಯದಕ್ಕೆ ‘ರಾ’ ಎಂದು ಬರೆಯಲಿ. ಇಂಗ್ಲಿಷ್ ಬಾರದಿದ್ದರೆ ಡಬ್ಬಿಯ ಮೇಲೆ ‘ತಿಂಡಿ ಆದ ಮೇಲೆ’ ಎಂದು ಕನ್ನಡದಲ್ಲೇ ದಪ್ಪಗೆ ಬರೆದಿಡಿ. ಮೆಡಿಕಲ್‌ನವರು ಬೇರೆ ಕಂಪನಿಯ ಸ್ಟ್ರಿಪ್ ಕೊಟ್ಟರೆ ಹಳೆಯದನ್ನು ತೆಗೆದಿಡಿ. ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇರಬಹುದು. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಕೊಡಬೇಡಿ, ಡಾಕ್ಟರನ್ನು ಕೇಳಿ.

ಮಧ್ಯಾಹ್ನ ಫೋನು ಮಾಡಿದಾಗ “ಮಾತ್ರೆ ಆಯ್ತಾ?” ಎಂದರೆ “ಹೂಂ” ಎಂದೇ ಉತ್ತರ ಬರುತ್ತದೆ. “ಕ್ಯಾಲೆಂಡರ್ ನೋಡಿ ಹೇಳಮ್ಮಾ” ಎನ್ನಿ.