ಬಲಗೈಯವರಿಗೆ ದಾರಿ ಬಿಡಿ!

ನಮ್ಮ ಮಹಾನಗರಗಳಲ್ಲಿ ದಾರಿ ಯಾರದ್ದು? ಹಾರ್ನ್ ಜೋರಾಗಿದ್ದವರದ್ದು! ಹಲಗೆಗೆ ಹಾಯಿ ಕಟ್ಟಿ ನೀರ ಮೇಲೆ ಓಡುವ ವಿಂಡ್‌ಸರ್ಫಿಂಗ್ 1984ರಿಂದ ಒಲಿಂಪಿಕ್ಸ್‌ನಲ್ಲಿದೆ. ಅದರಲ್ಲಿ ಹಾರ್ನೂ ಇಲ್ಲ, ಬ್ರೇಕೂ ಇಲ್ಲ. ಅಲ್ಲಿ ನೋಡುವುದು ಕೈಯನ್ನು. ಹಾಯಿಕಂಬಕ್ಕೆ ಬಲಗೈ ಹತ್ತಿರವಿದ್ದರೆ 'ಸ್ಟಾರ್‌ಬೋರ್ಡ್', ಎಡಗೈ ಇದ್ದರೆ 'ಪೋರ್ಟ್'. ಇಬ್ಬರೂ ಎದುರಾದರೆ ಪೋರ್ಟ್‌ನವರೇ ಸರಿಯಬೇಕು. ಅದಕ್ಕೇ ಬಲಗೈಯವರು "ಸ್ಟಾರ್‌ಬೋರ್ಡ್!" ಎಂದು ಗಂಟಲು ಹರಿಯುವಂತೆ ಕೂಗುವುದು. ಅಲ್ಲಿಯ ಹಾರ್ನ್ ಅದೇ ಅನ್ನಿ.

ಇಬ್ಬರದೂ ಬಲಗೈಯೇ ಆಗಿ, ಅಕ್ಕಪಕ್ಕ ಬಂದರೆ? ಗಾಳಿ ಬೀಸುವ ಕಡೆ ಇರುವವರು ಸರಿಯಬೇಕು.

ತಪ್ಪಿದವರು ಬದಿಗೆ ಹೋಗಿ ಹಲಗೆಸಮೇತ ಪೂರ್ತಿ ಒಂದು ಸುತ್ತು ತಿರುಗಬೇಕು. ಸಮುದ್ರದ ನಡುವೆ ಆತ್ಮಪ್ರದಕ್ಷಿಣೆ! ಅಷ್ಟರಲ್ಲಿ ಉಳಿದವರು ಮುಂದೆ.

ಹಾಗೆಂದು ಹಕ್ಕಿದ್ದವರು ನುಗ್ಗುವಂತಿಲ್ಲ. ತಪ್ಪಿಸಬಹುದಾಗಿದ್ದೂ ಗುದ್ದಿ, ಯಾರಿಗಾದರೂ ಪೆಟ್ಟಾದರೆ ಅವರೂ ತಪ್ಪಿತಸ್ಥರೇ.